ಗ್ಯೊಕುರೊ, ಸೆಂಚಾ ರುಚಿ ಕೆಟ್ಟರೆ: ಪಾತ್ರೆ ಮತ್ತು ಬಟ್ಟಲಿನ ಅಳತೆಯಲ್ಲಿ ದೋಷ ಹುಡುಕುವ ಕ್ರಮ

ಗ್ಯೊಕುರೊ, ಸೆಂಚಾದಂಥ ಜಪಾನಿನ ಮೇಲ್ದರ್ಜೆಯ ಹಸಿರು ಚಹಾವನ್ನು ಸಾಕಷ್ಟು ಬೆಲೆ ತೆತ್ತು ತರಿಸಿಕೊಂಡು, ಪೊಟ್ಟಣದ ಮೇಲೆ ಬರೆದಷ್ಟೇ ಎಲೆ, ಬರೆದಷ್ಟೇ ಬಿಸಿಯ ನೀರು, ಬರೆದಷ್ಟೇ ಹೊತ್ತು ಎಂದು ಎಲ್ಲವನ್ನೂ ಪಾಲಿಸಿದ ಮೇಲೂ ಬಟ್ಟಲಿಗೆ ಇಳಿದದ್ದು ಸಪ್ಪೆ ನೀರೋ ಕಹಿ ಕಷಾಯವೋ ಆಗಿದ್ದರೆ, ಹೆಚ್ಚಿನವರು ಮೊದಲು ಎಲೆಯನ್ನು ಶಂಕಿಸುತ್ತಾರೆ, ಆಮೇಲೆ ತಮ್ಮ ಕೈಯನ್ನು. ಪಾತ್ರೆಯನ್ನು ಶಂಕಿಸುವವರು ವಿರಳ. ಪಾತ್ರೆ ಸೋರುತ್ತಿಲ್ಲ, ಬಿರುಕು ಬಿಟ್ಟಿಲ್ಲ, ನೋಡುವುದಕ್ಕೂ ಚೆನ್ನಾಗಿದೆ. ಹಾಗಿರುವಾಗ ತಪ್ಪು ಅದರದ್ದಾಗಿರಬಹುದೆಂದು ತೋಚುವುದಿಲ್ಲ.

ನನ್ನ ಮನೆಯಲ್ಲಿ ಈ ತಪ್ಪು ಎಂಟು ತಿಂಗಳು ನಡೆಯಿತು. ಅಂಗಡಿಯವರು ‘ಇಬ್ಬರು ಮೂವರಿಗೆ ಸರಿಹೋಗುತ್ತದೆ’ ಎಂದು ಕೊಟ್ಟ 360 ಮಿ.ಲೀ. ಹಿಡಿಸುವ ಒಂದು ಕ್ಯೂಸುವಿನಲ್ಲಿ, ಅಂದರೆ ಮೂತಿಯ ಪಕ್ಕದಿಂದ ಚಾಚಿಕೊಂಡ ಹಿಡಿಯುಳ್ಳ ಜಪಾನೀ ಚಹಾಪಾತ್ರೆಯಲ್ಲಿ, ನಾನು ಗ್ಯೊಕುರೊ ಮಾಡುತ್ತಿದ್ದೆ. ಮೊದಲು ಸಪ್ಪೆಯಾಯಿತು. ನೀರಿನ ಬಿಸಿ ಹೆಚ್ಚಿಸಿದೆ, ಕಹಿಯಾಯಿತು. ಬಿಸಿ ತಗ್ಗಿಸಿ ಹೊತ್ತು ಹೆಚ್ಚಿಸಿದೆ, ತಣ್ಣಗಿನ ಒಗರು ಬಂತು. ಎಲೆಯ ಮೂರು ಪೊಟ್ಟಣಗಳು ಮುಗಿದ ಮೇಲೆ ಗೊತ್ತಾದದ್ದೆಂದರೆ, ನಾನು ಬದಲಿಸುತ್ತಿದ್ದ ಸಂಗತಿಗಳೆಲ್ಲವೂ ಸರಿಯಾಗಿದ್ದವು, ಬದಲಿಸದೆ ಉಳಿಸಿಕೊಂಡದ್ದೊಂದೇ ತಪ್ಪಾಗಿತ್ತು. ಕೆಳಗಿನ ಪರೀಕ್ಷೆಗಳನ್ನು ಆ ಅನುಭವದ ಮೇಲೆ ಜೋಡಿಸಿದ್ದೇನೆ. ಇವುಗಳಲ್ಲಿ ಬಹುಪಾಲು ಬರಿಯ ನೀರಿನಿಂದ ಮಾಡುವಂಥವು; ಎಲೆ ಖರ್ಚಾಗುವುದಿಲ್ಲ. ಬೇಕಾದ ಉಪಕರಣಗಳು ಮೂರು: ಒಂದು ಗ್ರಾಂವರೆಗೆ ತೋರಿಸುವ ಅಡುಗೆಮನೆಯ ಎಲೆಕ್ಟ್ರಾನಿಕ್ ತಕ್ಕಡಿ, ಒಂದು ಥರ್ಮಾಮೀಟರ್, ಮತ್ತು ಸೆಕೆಂಡು ತೋರಿಸುವ ಗಡಿಯಾರ.

ಹೋಲಿಸಿ ನೋಡಲು ಒಂದು ಆಧಾರ

ದೋಷ ಹುಡುಕುವ ಮೊದಲು ಸರಿಯಾದ ಸ್ಥಿತಿ ಯಾವುದೆಂದು ತಿಳಿದಿರಬೇಕು. ಜಪಾನಿನ ಚಹಾ ವಲಯದಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಮಾದರಿ ಅಳತೆಗಳು ಹೀಗಿವೆ. ಗ್ಯೊಕುರೊ ಮೂವರಿಗೆ 10 ಗ್ರಾಂ ಎಲೆ, 60 ಮಿ.ಲೀ. ನೀರು, ಎರಡರಿಂದ ಎರಡೂವರೆ ನಿಮಿಷ. ನೀರಿನ ಬಿಸಿ ಮೇಲ್ದರ್ಜೆಯದಕ್ಕೆ 50 ಡಿಗ್ರಿ ಸೆಲ್ಸಿಯಸ್, ಸಾಧಾರಣ ದರ್ಜೆಯದಕ್ಕೆ 60. ಇದಕ್ಕೆ ಪಾತ್ರೆ 90 ಮಿ.ಲೀ.ಯದು, ಬಟ್ಟಲು 40 ಮಿ.ಲೀ.ಯದು. ಉತ್ತಮ ಸೆಂಚಾ ಮೂವರಿಗೆ 6 ಗ್ರಾಂ, 170 ಮಿ.ಲೀ., 70 ಡಿಗ್ರಿ, ಎರಡು ನಿಮಿಷ. ಪಾತ್ರೆ 250, ಬಟ್ಟಲು 100. ದಿನಬಳಕೆಯ ಸೆಂಚಾ ಐವರಿಗೆ 10 ಗ್ರಾಂ, 430 ಮಿ.ಲೀ., 90 ಡಿಗ್ರಿ, ಒಂದು ನಿಮಿಷ. ಪಾತ್ರೆ 600, ಬಟ್ಟಲು 150.

ಈ ಅಂಕಿಗಳನ್ನು ಕಂಠಪಾಠ ಮಾಡಬೇಕಾಗಿಲ್ಲ, ಆದರೆ ಅವುಗಳ ನಡುವಿನ ಸಂಬಂಧವನ್ನು ಗಮನಿಸಬೇಕು. ಮೂರು ಸಾಲುಗಳಲ್ಲಿಯೂ ಪಾತ್ರೆಯ ಅಳತೆ ಸುರಿಯುವ ನೀರಿನ ಸುಮಾರು ಒಂದೂವರೆ ಪಟ್ಟು ಇದೆ. ಪಾತ್ರೆ ಎಷ್ಟು ದೊಡ್ಡದಿರಬೇಕೆಂಬುದನ್ನು ಮನೆಯಲ್ಲಿ ಎಷ್ಟು ಜನರಿದ್ದಾರೆ ಎಂಬುದೊಂದೇ ನಿರ್ಧರಿಸುವುದಿಲ್ಲ. ಅದೇ ಮೂವರಿಗೆ ಗ್ಯೊಕುರೊ ಆದರೆ 90, ಸೆಂಚಾ ಆದರೆ 250. ನನ್ನ ಅಂಗಡಿಯವರ ಮಾತು ತಪ್ಪಾದದ್ದು ಇಲ್ಲಿಯೇ. ‘ಇಬ್ಬರು ಮೂವರಿಗೆ’ ಎಂದವರು ಯಾವ ಚಹಾಕ್ಕೆಂದು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಗ್ಯೊಕುರೊಗೆ ಇಷ್ಟು ಕಡಿಮೆ ನೀರು ಏಕೆಂದು ಹೊಸಬರು ಕೇಳುವುದು ಸಹಜ. ಈ ಚಹಾದ ಗಿಡಗಳಿಗೆ ಕೊಯ್ಲಿಗೆ ಮುಂಚೆ ಸುಮಾರು 20 ದಿನ ನೆರಳು ಕಟ್ಟುತ್ತಾರೆ. ಬಿಸಿಲು ಬಿದ್ದರೆ ಎಲೆಯೊಳಗಿನ, ತುಂಬುರುಚಿ ಕೊಡುವ ಥಿಯಾನಿನ್ ಎಂಬ ಅಂಶ ಒಗರು ಕೊಡುವ ಕ್ಯಾಟೆಚಿನ್‌ಗಳತ್ತ ತಿರುಗುತ್ತದೆ. ನೆರಳಿನಲ್ಲಿ ಆ ಮಾರ್ಪಾಡು ತಗ್ಗಿ, ಸಾರಿನಂಥ ತುಂಬುರುಚಿ, ಜಪಾನೀಯರು ಉಮಾಮಿ ಎನ್ನುವುದು, ಎಲೆಯಲ್ಲಿಯೇ ಉಳಿಯುತ್ತದೆ. ಥಿಯಾನಿನ್ ಉಗುರುಬೆಚ್ಚಗಿನ ನೀರಿಗೂ ಬಿಟ್ಟುಕೊಡುತ್ತದೆ. ಕ್ಯಾಟೆಚಿನ್ ಮತ್ತು ಕೆಫೀನ್ ಹೆಚ್ಚು ಹೊರಬರಲು ಹೆಚ್ಚು ಬಿಸಿ ಬೇಕು. ಆದ್ದರಿಂದ ಕಡಿಮೆ ಬಿಸಿ, ಹೆಚ್ಚು ಎಲೆ, ಕಡಿಮೆ ನೀರು. ಉದ್ಧರಣೆಯಲ್ಲಿ ತೀರ್ಥ ಕೊಟ್ಟಂತೆ ನಾಲಿಗೆ ನೆನೆಯುವಷ್ಟು ಮಾತ್ರ ಕುಡಿಯುವ ಚಹಾ ಇದು. ಲೋಟ ತುಂಬ ಬೇಕೆನ್ನುವವರು ಸೆಂಚಾ ಆರಿಸಿಕೊಳ್ಳುವುದು ಒಳ್ಳೆಯದು; ಅದರಲ್ಲಿ ಕೀಳರಿಮೆಗೆ ಕಾರಣವಿಲ್ಲ.

ಮೊದಲ ಪರೀಕ್ಷೆ: ಪಾತ್ರೆಯ ನಿಜವಾದ ಅಳತೆ

ಪಾತ್ರೆಯ ಜೊತೆ ಬರುವ ಅಂಕಿ ಬಹಳ ಸಲ ಅಂಚಿನವರೆಗೆ ತುಂಬಿದಾಗಿನ ಅಳತೆಯಾಗಿರುತ್ತದೆ. ಮುಚ್ಚಳ ಹಾಕಿ, ಬಗ್ಗಿಸಿದಾಗ ಮುಚ್ಚಳದ ಸಂದಿಯಿಂದ ಚೆಲ್ಲದಂತೆ ಬಳಸಬಹುದಾದ ನೀರು ಅದಕ್ಕಿಂತ ಕಡಿಮೆ. ಖಾಲಿ ಪಾತ್ರೆಯನ್ನು ತಕ್ಕಡಿಯ ಮೇಲಿಟ್ಟು ಸೊನ್ನೆ ಮಾಡಿ, ಅಂಚಿನವರೆಗೆ ನೀರು ತುಂಬಿ ತೂಕ ನೋಡಿ. ಒಂದು ಗ್ರಾಂ ನೀರು ಒಂದು ಮಿ.ಲೀ. ಎಂದು ಲೆಕ್ಕ. ಆಮೇಲೆ ನೀವು ದಿನವೂ ಸುರಿಯುವಷ್ಟೇ ನೀರನ್ನು ಹಾಕಿ ಮತ್ತೆ ತೂಕ ನೋಡಿ. ಎರಡನೆಯ ಅಂಕಿ ಮೊದಲನೆಯದರ ಅರ್ಧಕ್ಕಿಂತ ಕಡಿಮೆಯಿದ್ದರೆ ಪಾತ್ರೆ ದೊಡ್ಡದು. ಐದರಲ್ಲಿ ನಾಲ್ಕು ಭಾಗ ಮೀರಿದ್ದರೆ ಚಿಕ್ಕದು. ನಡುವೆ ಇದ್ದರೆ ಅಳತೆಯ ಮಟ್ಟಿಗೆ ಪಾತ್ರೆ ನಿರ್ದೋಷಿ. ದೋಷ ಜಾಲರಿಯಲ್ಲಿ, ಬಟ್ಟಲಿನಲ್ಲಿ ಅಥವಾ ನೀರಿನಲ್ಲಿ ಇರಬಹುದು.

ನನ್ನ ಪಾತ್ರೆಯಲ್ಲಿ 60 ಮಿ.ಲೀ. ಎಂದರೆ ಆರರಲ್ಲಿ ಒಂದು ಭಾಗ.

ಲಕ್ಷಣ: ಗ್ಯೊಕುರೊ ಸಪ್ಪೆ, ಬಿಸಿ ಹೆಚ್ಚಿಸಿದರೆ ಕಹಿ

ದೊಡ್ಡ ಪಾತ್ರೆಯಲ್ಲಿ ಕಡಿಮೆ ನೀರು ಹಾಕಿದಾಗ ಎರಡು ತೊಂದರೆಗಳು ಒಟ್ಟಿಗೆ ಬರುತ್ತವೆ, ಮತ್ತು ಒಂದಕ್ಕೆ ಮಾಡಿದ ಮದ್ದು ಇನ್ನೊಂದನ್ನು ಹೆಚ್ಚಿಸುತ್ತದೆ. ಈ ಲಕ್ಷಣ ಜನರನ್ನು ಹೆಚ್ಚು ಸುತ್ತಿಸುವುದು ಆ ಕಾರಣಕ್ಕೆ.

ಮೊದಲನೆಯದು ನೀರಿನ ಆಳ. ಒಳತಳದ ಅಗಲ 9 ಸೆಂ.ಮೀ. ಇರುವ ಪಾತ್ರೆಯಲ್ಲಿ 60 ಮಿ.ಲೀ. ನೀರು ಒಂದು ಸೆಂಟಿಮೀಟರಿಗೂ ಕಡಿಮೆ ಎತ್ತರಕ್ಕೆ ನಿಲ್ಲುತ್ತದೆ. ತಳದ ಅಗಲ ಐದೂವರೆ ಸೆಂ.ಮೀ. ಇರುವ ಸಣ್ಣ ಪಾತ್ರೆಯಲ್ಲಿ ಅದೇ ನೀರು ಸುಮಾರು ಎರಡೂವರೆ ಸೆಂಟಿಮೀಟರು ನಿಲ್ಲುತ್ತದೆ. ಹತ್ತು ಗ್ರಾಂ ಎಲೆ ತೆಳುವಾದ ನೀರಿನ ಹಾಳೆಯ ಮೇಲೆ ಹರಡಿಕೊಂಡರೆ ಕೆಳಗಿನ ಪದರ ನೆನೆದು ಹಿಗ್ಗುತ್ತದೆ, ಮೇಲಿನದು ಅರ್ಧ ಒಣಗಿಯೇ ಇರುತ್ತದೆ. ಪರೀಕ್ಷೆ ಸರಳ: ಎರಡೂವರೆ ನಿಮಿಷ ಕಳೆದ ಮೇಲೆ ಮುಚ್ಚಳ ತೆಗೆದು ನೋಡಿ. ಒಂದಿಷ್ಟು ಎಲೆ ಬಿಚ್ಚಿಕೊಂಡು ತಿಳಿಹಸಿರಾಗಿ, ಒಂದಿಷ್ಟು ಇನ್ನೂ ಸೂಜಿಯಂತೆ ಸುತ್ತಿಕೊಂಡು ಕಡುಬಣ್ಣದಲ್ಲೇ ಇದ್ದರೆ ಆಳ ಸಾಲದೆಂದು ತಿಳಿಯಬೇಕು. ಪಾತ್ರೆಯನ್ನು ಕುಲುಕಿ ಎಲೆ ನೆನೆಸುವ ಆಸೆ ಆಗುತ್ತದೆ. ಕುಲುಕಿದರೆ ನಾನು ಕಂಡಂತೆ ಒಗರು ಹೆಚ್ಚುತ್ತದೆ, ಚಹಾ ಮಬ್ಬಾಗುತ್ತದೆ, ಅದು ಪರಿಹಾರವಲ್ಲ.

ಎರಡನೆಯದು ಪಾತ್ರೆಯ ಮೈ ಕುಡಿಯುವ ಬಿಸಿ. ಸುಟ್ಟ ಮಣ್ಣು ಅಥವಾ ಪಿಂಗಾಣಿ ಒಂದು ಡಿಗ್ರಿ ಏರಲು ಅದೇ ತೂಕದ ನೀರಿಗೆ ಬೇಕಾದ ಬಿಸಿಯ ಸುಮಾರು ಐದನೇ ಒಂದು ಭಾಗ ಸಾಕು. ಎಂದರೆ 260 ಗ್ರಾಂ ತೂಗುವ ನನ್ನ ಕ್ಯೂಸು, ಬಿಸಿ ಹೀರುವುದರಲ್ಲಿ 52 ಮಿ.ಲೀ. ತಣ್ಣೀರಿಗೆ ಸಮ. 25 ಡಿಗ್ರಿಯ ಕೋಣೆಯಲ್ಲಿಟ್ಟ ಅದಕ್ಕೆ 60 ಡಿಗ್ರಿಯ 60 ಮಿ.ಲೀ. ನೀರು ಸುರಿದರೆ, ಬಿಸಿ ಹಂಚಿಕೊಂಡ ಮೇಲೆ ಉಳಿಯುವುದು ಸುಮಾರು 44 ಡಿಗ್ರಿ. ನೂರು ಗ್ರಾಂ ತೂಗುವ ಸಣ್ಣ ಪಾತ್ರೆಯಲ್ಲಾದರೆ ಸುಮಾರು 51 ಉಳಿಯುತ್ತದೆ. ಬಿಸಿ ಪೂರ್ತಿ ಹಂಚಿಹೋಗುವಷ್ಟು ಹೊತ್ತು ಸಿಗುವುದಿಲ್ಲವಾದ್ದರಿಂದ ನಿಜವಾದ ಇಳಿತ ಇದಕ್ಕಿಂತ ತುಸು ಕಡಿಮೆಯಿರಬಹುದು, ಆದರೆ ದಿಕ್ಕು ಅದೇ. ಪೊಟ್ಟಣದಲ್ಲಿ 60 ಎಂದು ಬರೆದಿದೆ, ಕೆಟಲ್ 60 ತೋರಿಸುತ್ತಿದೆ, ಎಲೆಗೆ ತಲುಪುತ್ತಿರುವುದು ಮಾತ್ರ 44.

ಇದನ್ನು ಸರಿಪಡಿಸಲೆಂದು ನಾನು ನೀರನ್ನು 80 ಡಿಗ್ರಿಗೆ ಏರಿಸಿದೆ. ಲೆಕ್ಕದ ಪ್ರಕಾರ ಕೊನೆಗೆ 54ರಲ್ಲಿ ನಿಲ್ಲಬೇಕು, ನಿಂತಿತೂ ಕೂಡ. ಆದರೆ ಮಣ್ಣು ಬಿಸಿ ಕುಡಿಯಲು ಹೊತ್ತು ತೆಗೆದುಕೊಳ್ಳುತ್ತದೆ, ಎಲೆ ನೀರನ್ನು ಕೂಡಲೇ ಮುಟ್ಟುತ್ತದೆ. 80 ಡಿಗ್ರಿಯ ಧಾರೆ ನೇರವಾಗಿ ಎಲೆಯ ಮೇಲೆ ಬಿದ್ದ ಮೊದಲ ಅರ್ಧ ನಿಮಿಷದಲ್ಲಿಯೇ ಕಹಿ ಹೊರಬಂದಿತ್ತು. ಥರ್ಮಾಮೀಟರ್ ಸರಿಯೆನ್ನುತ್ತಿತ್ತು, ನಾಲಿಗೆ ಅಲ್ಲವೆನ್ನುತ್ತಿತ್ತು. ಇಬ್ಬರೂ ನಿಜ ಹೇಳುತ್ತಿದ್ದರು.

ಪಾತ್ರೆಯನ್ನು ಮೊದಲೇ ಬಿಸಿನೀರಿನಿಂದ ತೊಳೆದು ಬೆಚ್ಚಗಾಗಿಸಿಕೊಂಡರೆ ಈ ಎರಡನೆಯ ತೊಂದರೆ ಬಹುಮಟ್ಟಿಗೆ ಹೋಗುತ್ತದೆ, ಮೊದಲನೆಯದು ಹೋಗುವುದಿಲ್ಲ. ಹಾಗಾಗಿ ದೊಡ್ಡ ಪಾತ್ರೆಯನ್ನು ಬಿಸಿಮಾಡಿಕೊಂಡು ಬಳಸಿದಾಗ ರುಚಿ ಅರ್ಧ ಸುಧಾರಿಸಿದರೆ, ಉಳಿದರ್ಧಕ್ಕೆ ಪಾತ್ರೆ ಬದಲಿಸಬೇಕೆಂದು ತಿಳಿಯಬಹುದು. ಗ್ಯೊಕುರೊಗೆ ಬಳಸುವ ಹೋಹಿನ್ ಎಂಬ ಹಿಡಿಯಿಲ್ಲದ ಪುಟ್ಟ ಪಾತ್ರೆಯನ್ನಾಗಲಿ, ಶಿಬೊರಿದಾಶಿ ಎಂಬ, ಪ್ರತ್ಯೇಕ ಜಾಲರಿಯಿಲ್ಲದೆ ತುಟಿಯ ಗೀರುಗಳಲ್ಲಿಯೇ ಎಲೆಯನ್ನು ತಡೆಯುವ ಚಪ್ಪಟೆ ಪಾತ್ರೆಯನ್ನಾಗಲಿ ನೋಡಿದರೆ, ಇವನ್ನು ಮಾಡಿದವರಿಗೆ ಈ ಲೆಕ್ಕ ಕೈಯಲ್ಲಿಯೇ ಗೊತ್ತಿತ್ತು ಅನ್ನಿಸುತ್ತದೆ. ಹಿಡಿ ಇಲ್ಲದಿರುವುದೂ ಸಕಾರಣವೇ: ಬರಿಗೈಯಲ್ಲಿ ಹಿಡಿಯಲಾಗದಷ್ಟು ಬಿಸಿಯಾಗಿದ್ದರೆ ಆ ನೀರು ಗ್ಯೊಕುರೊಗೂ ಹೆಚ್ಚು ಬಿಸಿಯೇ.

ನಮ್ಮ ಊರುಗಳ ವಿಷಯದಲ್ಲಿ ಒಂದು ಮಾತು. ಮೇಲಿನ ಲೆಕ್ಕದಲ್ಲಿ ಕೋಣೆಯ ಉಷ್ಣತೆಯೂ ಸೇರಿದೆ. ಬೇಸಿಗೆಯ ಕಲಬುರಗಿಯಲ್ಲಿ 38 ಡಿಗ್ರಿಯ ಕೋಣೆಯಲ್ಲಿಟ್ಟ ಅದೇ 260 ಗ್ರಾಂ ಪಾತ್ರೆಯಲ್ಲಿ ನೀರು ಸುಮಾರು 50ಕ್ಕೆ ನಿಂತರೆ, ಚಳಿಗಾಲದ ಬೆಂಗಳೂರಿನಲ್ಲಿ 22 ಡಿಗ್ರಿಯ ಅಡುಗೆಮನೆಯಲ್ಲಿ ಸುಮಾರು 42ಕ್ಕೆ ಇಳಿಯುತ್ತದೆ. ‘ಬೇಸಿಗೆಯಲ್ಲಿ ಚೆನ್ನಾಗಿ ಬರುತ್ತಿದ್ದ ಎಲೆ ಈಗ ಕೆಟ್ಟಿದೆ’ ಎಂದು ತೀರ್ಮಾನಿಸುವ ಮೊದಲು ಪಾತ್ರೆ ಬೆಚ್ಚಗಾಗಿಸಿ ಒಮ್ಮೆ ನೋಡಬೇಕು.

ಎನಾಮೆಲ್ ಬಳಿದ ಎರಕದ ಕಬ್ಬಿಣದ ಪಾತ್ರೆಗಳಲ್ಲಿ ಇದೇ ದೋಷ ಇನ್ನೂ ಜೋರು. ಒಂದು ಕಿಲೋ ತೂಗುವ ಅಂಥ ಪಾತ್ರೆ ತಣ್ಣಗಿದ್ದಾಗ 70 ಡಿಗ್ರಿಯ 170 ಮಿ.ಲೀ. ನೀರನ್ನು 53ರ ಹತ್ತಿರಕ್ಕೆ ಇಳಿಸಬಲ್ಲದು. ಒಮ್ಮೆ ಕಾದರೆ ಬಿಸಿಯನ್ನು ಬಿಡದೆ ಹಿಡಿದುಕೊಂಡು ಎಲೆಯನ್ನು ಬೇಯಿಸುತ್ತದೆ. ಜಪಾನಿನಲ್ಲಿ ತೆತ್ಸುಬಿನ್ ಎಂಬ ಕಬ್ಬಿಣದ ಪಾತ್ರೆ ನೀರು ಕಾಯಿಸುವುದಕ್ಕೆ ಇರುವಂಥದು, ಎಲೆ ನೆನೆಸುವುದಕ್ಕಲ್ಲ. ಉತ್ತಮ ಸೆಂಚಾಕ್ಕೆ ಕಬ್ಬಿಣದ ಪಾತ್ರೆ ಕೊಳ್ಳಬೇಡಿ ಎಂದೇ ನನ್ನ ಸಲಹೆ.

ಲಕ್ಷಣ: ಮೊದಲ ಸಲ ಚೆನ್ನಾಗಿ, ಎರಡನೆಯ ಸಲ ಕಹಿ

ಉತ್ತಮ ಎಲೆಯನ್ನು ಎರಡು ಮೂರು ಸಲ ಇಳಿಸುವುದು ವಾಡಿಕೆ. ಎರಡನೆಯ ಸಲ ಮಾತ್ರ ಕೆಡುತ್ತಿದ್ದರೆ, ಮೊದಲ ಸಲದ ಚಹಾ ಪೂರ್ತಿ ಹೊರಬರದೆ ಪಾತ್ರೆಯಲ್ಲಿಯೇ ನಿಂತು ಕಡುವಾಗುತ್ತಿದೆಯೇ ಎಂದು ನೋಡಬೇಕು. ತಳ ಅಗಲವಾಗಿ ಜಾಲರಿ ಮೇಲಕ್ಕಿರುವ ದೊಡ್ಡ ಪಾತ್ರೆಗಳಲ್ಲಿ ಇದು ಸಾಮಾನ್ಯ.

ಇದಕ್ಕೆ ತಕ್ಕಡಿಯ ಪರೀಕ್ಷೆಯೊಂದು ನನಗೆ ಬಹಳ ಉಪಕಾರ ಮಾಡಿದೆ. ಒಣ ಎಲೆ ಹಾಕಿದ ಪಾತ್ರೆಯನ್ನು ಮುಚ್ಚಳ ಸಮೇತ ತೂಗಿ ಬರೆದುಕೊಳ್ಳಿ. ಚಹಾ ಇಳಿಸಿ ಬಗ್ಗಿಸಿದ ಮೇಲೆ ಮತ್ತೆ ತೂಗಿ. ಒಣ ಎಲೆ ತನ್ನ ತೂಕದ ಸುಮಾರು ಮೂರರಿಂದ ನಾಲ್ಕು ಪಟ್ಟು ನೀರನ್ನು ಹೀರಿಕೊಂಡು ಉಳಿಸಿಕೊಳ್ಳುತ್ತದೆ. ಆರು ಗ್ರಾಂ ಸೆಂಚಾ ಆದರೆ ತೂಕ 18ರಿಂದ 24 ಗ್ರಾಂ ಹೆಚ್ಚಿರುವುದು ಸಹಜ. ಹೆಚ್ಚಳ 35 ಗ್ರಾಂ ಎಂದು ಬಂದರೆ ಹತ್ತು ಮಿ.ಲೀ.ಗೂ ಮೀರಿದ ಚಹಾ ಒಳಗೆ ಸಿಕ್ಕಿಕೊಂಡಿದೆ. ಮುಂದಿನ ನೀರಿಗೆ ಕಹಿ ಸೇರುವುದು ಅದರಿಂದ. ಬಗ್ಗಿಸುವ ಕೊನೆಯಲ್ಲಿ ಪಾತ್ರೆಯನ್ನು ಪೂರ್ತಿ ಮೂತಿಯ ಕಡೆ ನಿಲ್ಲಿಸಿ, ಹನಿ ನಿಲ್ಲುವ ತನಕ ಕಾದು, ಆಮೇಲೆ ಮುಚ್ಚಳವನ್ನು ಸ್ವಲ್ಪ ಸರಿಸಿಟ್ಟು ಆವಿ ಹೊರಹೋಗಲು ಬಿಟ್ಟರೆ ಎಷ್ಟೋ ಪಾತ್ರೆಗಳ ಈ ದೋಷ ನಿಲ್ಲುತ್ತದೆ. ಹಾಗೆ ಮಾಡಿಯೂ ತೂಕ ಇಳಿಯದಿದ್ದರೆ ಪಾತ್ರೆಯ ಆಕಾರವೇ ಆ ನೀರಿನ ಪ್ರಮಾಣಕ್ಕೆ ಹೊಂದುತ್ತಿಲ್ಲ.

ಈ ತೂಕದ ಲೆಕ್ಕ ಇನ್ನೊಂದು ಸಂಶಯವನ್ನೂ ಬಗೆಹರಿಸುತ್ತದೆ. ‘60 ಮಿ.ಲೀ. ಹಾಕಿದ್ದೆ, ಮೂವರಿಗೆ ಒಂದೊಂದು ಚಮಚವೂ ಬರಲಿಲ್ಲ, ಪಾತ್ರೆ ಕುಡಿದುಬಿಟ್ಟಿತು’ ಎಂಬ ದೂರು ಕೇಳಿದ್ದೇನೆ. ಹತ್ತು ಗ್ರಾಂ ಗ್ಯೊಕುರೊ ತಾನೇ 30ರಿಂದ 40 ಮಿ.ಲೀ. ಉಳಿಸಿಕೊಳ್ಳುತ್ತದೆ; ಮೂವರಿಗೆ ತಲಾ ಏಳರಿಂದ ಹತ್ತು ಮಿ.ಲೀ. ಸಿಗುವುದು ಸರಿಯಾದ ಫಲಿತಾಂಶ. ಎರಡನೆಯ ಸಲ ಎಲೆ ಆಗಲೇ ನೆನೆದಿರುವುದರಿಂದ ಹಾಕಿದ ನೀರು ಬಹುತೇಕ ಪೂರ್ತಿ ಹೊರಬರುತ್ತದೆ. ಇದನ್ನು ತಿಳಿಯದೆ ಮೊದಲ ಸಲವೇ ಬಟ್ಟಲು ತುಂಬಲೆಂದು ನೀರು ಹೆಚ್ಚಿಸುವುದು, ಅದಕ್ಕಾಗಿ ದೊಡ್ಡ ಪಾತ್ರೆ ಕೊಳ್ಳುವುದು, ಹೀಗೆ ಒಂದು ತಪ್ಪಿನಿಂದ ಇನ್ನೊಂದಕ್ಕೆ ಹೋಗುತ್ತಾರೆ.

ಒಬ್ಬರಿಗೆ ಮಾಡುವಾಗ ಮಾದರಿ ಅಳತೆಯನ್ನು ಮೂರರಿಂದ ಭಾಗಿಸಬಾರದು. 20 ಮಿ.ಲೀ. ನೀರಿನಲ್ಲಿ ಎಲೆ ಕುಡಿದು ಮಿಕ್ಕದ್ದು ನಾಲಿಗೆಗೆ ತಲುಪುವಷ್ಟರಲ್ಲಿ ತಣ್ಣಗಾಗಿರುತ್ತದೆ. ನಾನು ಒಬ್ಬನೇ ಇರುವಾಗ ಗ್ಯೊಕುರೊಗೆ 5 ಗ್ರಾಂ ಎಲೆ ಮತ್ತು 35 ಮಿ.ಲೀ. ನೀರನ್ನೂ, ಸೆಂಚಾಕ್ಕೆ 3 ಗ್ರಾಂ ಮತ್ತು 85 ಮಿ.ಲೀ.ಯನ್ನೂ ಇಟ್ಟುಕೊಂಡಿದ್ದೇನೆ. ಸೆಂಚಾದ ಈ ಅಳತೆಗೆ 130 ಮಿ.ಲೀ. ಹಿಡಿಸುವ ಪಾತ್ರೆ ಒಪ್ಪುತ್ತದೆ.

ಲಕ್ಷಣ: ಸೆಂಚಾ ಬಗ್ಗಿಸುವಷ್ಟರಲ್ಲಿ ಕಡುವಾಗುತ್ತದೆ

ಇಲ್ಲಿ ದೊಡ್ಡ ಪಾತ್ರೆಗಿಂತ ನಿಧಾನದ ಪಾತ್ರೆ ಹೆಚ್ಚು ದೋಷಿ. ಬರಿಯ ನೀರನ್ನು ತುಂಬಿ, ಬಗ್ಗಿಸಿ ಖಾಲಿಯಾಗಲು ಎಷ್ಟು ಸೆಕೆಂಡು ಬೇಕೆಂದು ಎಣಿಸಿ. ಆಮೇಲೆ ಎಲೆ ಹಾಕಿ ಅದೇ ನೀರಿಗೆ ಎಷ್ಟಾಗುತ್ತದೆಂದು ಎಣಿಸಿ. ಬರಿಯ ನೀರಿಗೆ 15 ಸೆಕೆಂಡು ಹಿಡಿಯುವ ಪಾತ್ರೆ ಎಲೆಯಿದ್ದಾಗ 40 ಸೆಕೆಂಡು ತೆಗೆದುಕೊಂಡರೆ ಜಾಲರಿ ಕಟ್ಟಿಕೊಳ್ಳುತ್ತಿದೆ. ಒಂದೇ ನಿಮಿಷ ನೆನೆಯಬೇಕಾದ ಚಹಾಕ್ಕೆ ಆ ಹೆಚ್ಚುವರಿ ಹೊತ್ತು ಸಣ್ಣದೇನಲ್ಲ.

ಕಾರಣ ಸಾಮಾನ್ಯವಾಗಿ ಎಲೆಯ ಬಗೆಯಲ್ಲಿದೆ. ಫುಕಮುಶಿ ಎಂದು ಕರೆಯುವ ಸೆಂಚಾದ ಹಸಿ ಎಲೆಯನ್ನು ಸಾಧಾರಣ ಸೆಂಚಾಕ್ಕಿಂತ ಎರಡು ಮೂರು ಪಟ್ಟು ಹೆಚ್ಚು ಹೊತ್ತು ಆವಿಯಲ್ಲಿ ಬೇಯಿಸುತ್ತಾರೆ. ಶಿಜುವೊಕಾ ಪ್ರಾಂತದ ಮಾಕಿನೊಹಾರಾ, ಕಾಕೆಗಾವಾ ಕಡೆಯ ಚಹಾಗಳಲ್ಲಿ ಇದು ಹೆಚ್ಚು. ಹಾಗೆ ಬೆಂದ ಎಲೆ ಮೆತ್ತಗಾಗಿ, ಹೊಸೆಯುವಾಗ ಮುರಿದು ಪುಡಿ ಹೆಚ್ಚಾಗುತ್ತದೆ. ಮೂತಿಯ ಬುಡದಲ್ಲಿ ನಾಲ್ಕೈದು ದೊಡ್ಡ ತೂತುಗಳಿರುವ ಪಾತ್ರೆಯಲ್ಲಿ ಈ ಪುಡಿ ಬಟ್ಟಲಿಗೇ ಬಂದುಬಿಡುತ್ತದೆ ಅಥವಾ ತೂತುಗಳನ್ನು ಮುಚ್ಚುತ್ತದೆ. ಒಳಗೋಡೆಯ ಸುತ್ತ ಪಟ್ಟಿಯಂತೆ ಉಕ್ಕಿನ ಜಾಲರಿ ಕೂಡಿಸಿದ ಪಾತ್ರೆಯಾಗಲಿ, ಮಣ್ಣಿನಲ್ಲಿಯೇ ನೂರಾರು ಸೂಕ್ಷ್ಮ ರಂಧ್ರಗಳನ್ನು ಕೊರೆದ ಅಗಲ ಜಾಲರಿಯ ಪಾತ್ರೆಯಾಗಲಿ ಇದಕ್ಕೆ ತಕ್ಕದ್ದು. ಐಚಿ ಪ್ರಾಂತದ ತೊಕೊನಾಮೆಯ ಕೆಂಪು ಮಣ್ಣಿನ ಕ್ಯೂಸುಗಳಲ್ಲಿ ಎರಡೂ ಬಗೆ ಸಿಗುತ್ತವೆ. ಉದ್ದೆಲೆಯ, ಕಡಿಮೆ ಬೇಯಿಸಿದ ಸೆಂಚಾ ಕುಡಿಯುವವರಿಗೆ ಈ ಚಿಂತೆ ಬೇಡ, ಸಾದಾ ತೂತುಗಳೇ ಸಾಕು.

ಪಾತ್ರೆಯೊಳಗೆ ಇಳಿಬಿಟ್ಟ ಉಕ್ಕಿನ ಬುಟ್ಟಿಯಿದ್ದರೆ ಇನ್ನೊಂದು ಬಗೆಯ ತೊಂದರೆ. ಹೊರಗಿನ ಪಾತ್ರೆ 400 ಮಿ.ಲೀ.ಯದಾಗಿದ್ದು ಬುಟ್ಟಿಯ ತಳ ಪಾತ್ರೆಯ ತಳದಿಂದ ಬೆರಳಗಲ ಮೇಲಿದ್ದರೆ, ಸುರಿದ ನೀರಿನ ಒಂದು ಪಾಲು ಎಲೆಯನ್ನು ಮುಟ್ಟದೆ ಕೆಳಗೆ ಸುಮ್ಮನೆ ನಿಲ್ಲುತ್ತದೆ. ಬುಟ್ಟಿ ತೆಗೆದಿಟ್ಟು ಎಲೆಯನ್ನು ನೇರವಾಗಿ ಪಾತ್ರೆಗೆ ಹಾಕಿ, ಬಟ್ಟಲಿನ ಮೇಲೆ ಟೀ ಸೋಸುವ ಜಾಲರಿ ಹಿಡಿದು ಸೋಸಿ ನೋಡಿ. ರುಚಿ ತಕ್ಷಣ ಬದಲಾದರೆ ದೋಷ ಬುಟ್ಟಿಯದು.

ಲಕ್ಷಣ: ಒಬ್ಬರ ಬಟ್ಟಲಿನಲ್ಲಿ ತೆಳು, ಇನ್ನೊಬ್ಬರದರಲ್ಲಿ ಗಟ್ಟಿ

ಒಂದು ಬಟ್ಟಲು ತುಂಬಿದ ಮೇಲೆ ಇನ್ನೊಂದಕ್ಕೆ ಹೋಗುವುದು ಇದರ ಕಾರಣ. ಮೊದಲು ಇಳಿಯುವುದು ತೆಳು, ಕೊನೆಯ ಹನಿಗಳು ಗಟ್ಟಿ. ಸ್ವಲ್ಪ ಸ್ವಲ್ಪವಾಗಿ ಒಂದು, ಎರಡು, ಮೂರು ಎಂದು ಸುರಿದು, ಮರಳಿ ಮೂರು, ಎರಡು, ಒಂದು ಎಂದು ಬರುವ ಮವಾಶಿ-ತ್ಸುಗಿ ಎಂಬ ಕ್ರಮದಿಂದ ಇದು ತಪ್ಪುತ್ತದೆ. ಆದರೆ ಅದಕ್ಕೆ ಬಟ್ಟಲುಗಳೆಲ್ಲ ಒಂದೇ ಅಳತೆಯವಾಗಿರಬೇಕು. ಮನೆಯಲ್ಲಿ ಸಿಕ್ಕ ಬೇರೆಬೇರೆ ಬಟ್ಟಲುಗಳಿಗೆ ಕಣ್ಣಂದಾಜಿನಲ್ಲಿ ಸಮವಾಗಿ ಸುರಿಯುವುದು ಆಗದ ಮಾತು. ಅಗಲ ಬಾಯಿಯ ಬಟ್ಟಲು ಯಾವಾಗಲೂ ಮೋಸ ಮಾಡುತ್ತದೆ. ಮೊದಲು ಒಂದು ಬೇರೆ ಪಾತ್ರೆಗೆ ಪೂರ್ತಿ ಬಗ್ಗಿಸಿಕೊಂಡು ಆಮೇಲೆ ಹಂಚುವುದು ಸುಲಭದ ದಾರಿ, ಆದರೆ ಗ್ಯೊಕುರೊದಂಥ ಅಲ್ಪ ಪ್ರಮಾಣಕ್ಕೆ ಇನ್ನೊಂದು ಪಾತ್ರೆಯ ತಂಪು ತಾಗುತ್ತದೆ.

ಬಟ್ಟಲಿನ ದೋಷಗಳು

ಪಾತ್ರೆಗೆ ಹೇಳಿದ ಬಿಸಿಯ ಲೆಕ್ಕ ಬಟ್ಟಲಿಗೂ ಸಲ್ಲುತ್ತದೆ, ಇನ್ನೂ ಕಠಿಣವಾಗಿ. 150 ಗ್ರಾಂ ತೂಗುವ, ಒಳತಳ ಆರು ಸೆಂ.ಮೀ. ಅಗಲವಿರುವ ಎತ್ತರದ ಯುನೊಮಿ ಬಟ್ಟಲಿಗೆ 45 ಡಿಗ್ರಿಯ ಎಂಟು ಮಿ.ಲೀ. ಗ್ಯೊಕುರೊ ಹಾಕಿದರೆ ಅದು ಮೂರು ಮಿಲಿಮೀಟರು ಎತ್ತರಕ್ಕೆ ಹರಡಿ, ನೋಡನೋಡುತ್ತಿದ್ದಂತೆ 29 ಡಿಗ್ರಿಗೆ ಇಳಿಯುತ್ತದೆ. ಯಾರೋ ಕುಡಿದು ಬಿಟ್ಟ ತಳದ ಗುಟುಕಿನಂತೆ ಕಾಣುತ್ತದೆ ಕೂಡ. ನಲವತ್ತು ಗ್ರಾಂ ತೂಗುವ ಪಿಂಗಾಣಿಯ ಪುಟ್ಟ ಬಟ್ಟಲಿನಲ್ಲಿಯೂ 35ಕ್ಕೆ ಇಳಿಯುತ್ತದೆಯಾದ್ದರಿಂದ, ಬಟ್ಟಲು ಎಷ್ಟೇ ಚಿಕ್ಕದಿದ್ದರೂ ಬೆಚ್ಚಗಿರಬೇಕು.

ಇಲ್ಲಿಯೇ ಜಪಾನೀ ಕ್ರಮದ ಜಾಣ್ಮೆ ಕಾಣುವುದು. ಕುದಿದ ನೀರನ್ನು ಮೊದಲು ಬಟ್ಟಲುಗಳಿಗೆ ಸುರಿಯುತ್ತಾರೆ, ಬಟ್ಟಲಿನಿಂದ ಪಾತ್ರೆಗೆ. ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಹೋದಾಗಲೆಲ್ಲ ನೀರು ಐದರಿಂದ ಹತ್ತು ಡಿಗ್ರಿ ಇಳಿಯುತ್ತದೆ. ಕಾಫಿಯನ್ನು ದವರೆ ಲೋಟಗಳ ನಡುವೆ ಎತ್ತಿ ಹಾಕಿ ಆರಿಸುವ ನಮಗೆ ಇದನ್ನು ವಿವರಿಸಬೇಕಾಗಿಲ್ಲ. ಅವರಲ್ಲಿ ಇದಕ್ಕೆಂದೇ ಯುಝಾಮಶಿ ಎಂಬ ಮೂತಿಯ ಬಟ್ಟಲೂ ಇದೆ. ಬಟ್ಟಲಿನಲ್ಲಿ ಆರಿಸುವುದರಿಂದ ನೀರು ತಣಿಯುತ್ತದೆ, ಬಟ್ಟಲು ಬೆಚ್ಚಗಾಗುತ್ತದೆ, ಎಷ್ಟು ಜನಕ್ಕೆ ಎಷ್ಟು ನೀರೆಂಬ ಅಳತೆಯೂ ಆಗಿಹೋಗುತ್ತದೆ. ಬಟ್ಟಲು ಅಳತೆಗೆ ಮೀರಿದ್ದಾಗ ಈ ಮೂರೂ ಒಟ್ಟಿಗೆ ತಪ್ಪುತ್ತವೆ. ಮೂರು 100 ಮಿ.ಲೀ. ಬಟ್ಟಲುಗಳಿಗೆ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ನೀರು ಹಾಕಿದರೆ 170 ಮಿ.ಲೀ. ತಾನಾಗಿ ಬರುತ್ತದೆ, ಅದೇ ಅಂದಾಜಿನಲ್ಲಿ ಮೂರು 180 ಮಿ.ಲೀ. ಲೋಟಗಳಿಗೆ ಹಾಕಿದರೆ 300 ದಾಟುತ್ತದೆ, ಆರು ಗ್ರಾಂ ಎಲೆ ಅದರಲ್ಲಿ ಈಜಾಡುತ್ತದೆ. ಸೆಂಚಾ ನೀರುನೀರಾಗುತ್ತಿದೆ ಎಂದು ದೂರುವವರ ಬಟ್ಟಲನ್ನು ನಾನು ಮೊದಲು ಅಳೆಯುವುದು ಈ ಕಾರಣಕ್ಕೆ.

ಬಟ್ಟಲಿನ ಒಳಮೈ ಬಿಳಿಯಾಗಿರುವುದು ದೋಷ ಹುಡುಕುವ ಹಂತದಲ್ಲಿ ಅಗತ್ಯ. ಕಡುಬಣ್ಣದ ಒಳಮೈಯಲ್ಲಿ ತೆಳುವೋ ಗಟ್ಟಿಯೋ, ತಿಳಿಯೋ ಮಬ್ಬೋ ಗೊತ್ತಾಗುವುದಿಲ್ಲ. ತುಟಿಗೆ ತಾಗುವ ಅಂಚು ತೆಳ್ಳಗಿದ್ದಷ್ಟೂ ಅಲ್ಪ ಪ್ರಮಾಣದ ಚಹಾ ನಾಲಿಗೆಯ ಮೇಲೆ ಚೆನ್ನಾಗಿ ಹರಡುತ್ತದೆ ಎಂಬುದು ನನ್ನ ಅನುಭವ. ಜಪಾನಿನ ಹಾಗಿ ಎಂಬ ಊರಿನ ಶೈಲಿಯ ಸರಂಧ್ರ ಮಣ್ಣಿನ ಬಟ್ಟಲುಗಳು ಸುಂದರವಾಗಿದ್ದರೂ ಹಿಂದಿನ ಚಹಾದ ವಾಸನೆ ಹಿಡಿಯಬಲ್ಲವು, ಪರೀಕ್ಷೆಯ ದಿನ ಅವನ್ನು ಬದಿಗಿಡಬೇಕು.

ಅಳತೆಯ ದೋಷವಲ್ಲದ್ದನ್ನು ಬೇರ್ಪಡಿಸುವುದು

ಹೊಸ ಪಾತ್ರೆ ಕೊಳ್ಳುವ ಮೊದಲು ಒಂದು ಅಡ್ಡಪರೀಕ್ಷೆ ಮಾಡಬೇಕು. ಮನೆಯಲ್ಲಿರುವ ಸಣ್ಣ ಗಾಜಿನ ಲೋಟವೊಂದನ್ನು ಬೆಚ್ಚಗಾಗಿಸಿ, ಅದರಲ್ಲಿಯೇ 3 ಗ್ರಾಂ ಸೆಂಚಾ, 85 ಮಿ.ಲೀ. ನೀರು, 70 ಡಿಗ್ರಿ, ಎರಡು ನಿಮಿಷ ಇಟ್ಟು, ಜಾಲರಿಯಲ್ಲಿ ಸೋಸಿ ಕುಡಿಯಿರಿ. ಗಾಜಿನ ಲೋಟದಲ್ಲಿ ಚೆನ್ನಾಗಿ ಬಂದು ಪಾತ್ರೆಯಲ್ಲಿ ಕೆಟ್ಟರೆ ದೋಷ ಪಾತ್ರೆಯದು. ಎರಡರಲ್ಲಿಯೂ ಕೆಟ್ಟರೆ ನೀರನ್ನೋ ಎಲೆಯನ್ನೋ ನೋಡಬೇಕು.

ಜಪಾನಿನ ನೀರು ಬಹುತೇಕ ಮೆದು ನೀರು, ಅಲ್ಲಿನ ಚಹಾ ಅದಕ್ಕೆ ಹೊಂದಿಕೊಂಡಿದೆ. ಕೊಳವೆಬಾವಿಯ ಗಡಸು ನೀರಿನಲ್ಲಿ ಇದೇ ಎಲೆ ಮಂಕಾಗಿ, ಮೇಲೆ ತೆಳುವಾದ ಪೊರೆ ಕಟ್ಟುತ್ತದೆ, ಸುವಾಸನೆ ಕುಗ್ಗುತ್ತದೆ. ಕೆಟಲಿನ ತಳದಲ್ಲಿ ಬಿಳಿಯ ಸುಣ್ಣದ ಪದರ ಕಟ್ಟುತ್ತಿದ್ದರೆ ಪಾತ್ರೆಯ ಅಳತೆಯ ಚರ್ಚೆಯನ್ನು ನಿಲ್ಲಿಸಿ ಮೊದಲು ನೀರು ಬದಲಿಸಿ. ಇನ್ನೊಂದು ಸಣ್ಣ ಸಂಗತಿ, ಬೆಂಗಳೂರಿನ ಎತ್ತರದಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ, ಮಡಿಕೇರಿಯಲ್ಲಿ 96ರ ಆಸುಪಾಸು. ಥರ್ಮಾಮೀಟರ್ ಇಲ್ಲದೆ, ಕುದಿದ ನೀರನ್ನು ಇಷ್ಟು ಸಲ ಎತ್ತಿ ಹಾಕಬೇಕೆಂಬ ಎಣಿಕೆಯನ್ನು ನಂಬಿದವರಿಗೆ ಈ ಮೂರು ನಾಲ್ಕು ಡಿಗ್ರಿ ಆರಂಭದಲ್ಲಿಯೇ ಕೊರತೆಯಾಗಿರುತ್ತದೆ. ಎಲೆಯ ವಿಷಯಕ್ಕೆ ಬಂದರೆ, ಪೊಟ್ಟಣ ಒಡೆದು ನಮ್ಮ ಮಳೆಗಾಲದ ತೇವದಲ್ಲಿ ಬಿಟ್ಟ ಸೆಂಚಾಕ್ಕೆ ಯಾವ ಪಾತ್ರೆಯೂ ಮದ್ದಲ್ಲ.

ಬದಲಿಸುವುದಾದರೆ ಯಾವುದನ್ನು, ಯಾವ ಕ್ರಮದಲ್ಲಿ

ಪರೀಕ್ಷೆಗಳು ಪಾತ್ರೆಯನ್ನೇ ತೋರಿಸಿದರೂ ಮೊದಲು ಕೊಳ್ಳಬೇಕಾದದ್ದು ಬಟ್ಟಲು ಎಂಬುದು ನನ್ನ ಅಭಿಪ್ರಾಯ. ಎಷ್ಟು ಜನ, ಯಾವ ಚಹಾ, ತಲಾ ಎಷ್ಟು ಎಂಬುದು ಬಟ್ಟಲಿನಲ್ಲಿ ತೀರ್ಮಾನವಾಗುತ್ತದೆ. ಬಟ್ಟಲಿಗೆ ಇಳಿಯಬೇಕಾದ ಚಹಾವನ್ನು ಕೂಡಿಸಿ, ಅದಕ್ಕೆ ಎಲೆ ಕುಡಿಯುವ ನೀರನ್ನು ಸೇರಿಸಿ, ಬಂದದ್ದನ್ನು ಒಂದೂವರೆಯಿಂದ ಗುಣಿಸಿದರೆ ಪಾತ್ರೆಯ ಅಂಚಿನವರೆಗಿನ ಅಳತೆ ಸಿಗುತ್ತದೆ. ಇಬ್ಬರಿಗೆ ತಲಾ 50 ಮಿ.ಲೀ. ಉತ್ತಮ ಸೆಂಚಾ ಎಂದರೆ 100. ನಾಲ್ಕು ಗ್ರಾಂ ಎಲೆಗೆ 15 ಸೇರಿಸಿದರೆ 115. ಪಾತ್ರೆ 170ರ ಹತ್ತಿರ. ಅಂಗಡಿಯಲ್ಲಿ ‘ಒಬ್ಬರಿಗೆ’ ಎಂದು ಮೂಲೆಯಲ್ಲಿ ಇಟ್ಟಿರುವ ಪಾತ್ರೆಗಳು ಹೆಚ್ಚಾಗಿ ಈ ಅಳತೆಯವೇ. ಸೆಂಚಾ, ಗ್ಯೊಕುರೊ ಎರಡನ್ನೂ ಒಂದೇ ಪಾತ್ರೆಯಲ್ಲಿ ಮಾಡಬೇಕೆನ್ನುವವರು 120 ಮಿ.ಲೀ.ಯ ಹಗುರ ಪಾತ್ರೆಯನ್ನು ಆರಿಸಿಕೊಂಡು, ಸೆಂಚಾವನ್ನು ಎರಡು ಸಲ ಇಳಿಸಿ ಹಂಚುವುದು ಲೇಸು. ದೊಡ್ಡದರಲ್ಲಿ ಗ್ಯೊಕುರೊ ಮಾಡುವುದಕ್ಕಿಂತ ಸಣ್ಣದರಲ್ಲಿ ಸೆಂಚಾ ಮಾಡುವುದು ಸುಲಭ. ಎಡಗೈಯವರು ಕೊಳ್ಳುವಾಗ ಹಿಡಿ ಯಾವ ಪಕ್ಕಕ್ಕಿದೆ ಎಂದು ನೋಡಿಕೊಳ್ಳಬೇಕು, ಪಕ್ಕಹಿಡಿಯ ಪಾತ್ರೆಗಳು ಸಾಮಾನ್ಯವಾಗಿ ಬಲಗೈಗೆ ಮಾಡಿದವು.

ನನ್ನ 360 ಮಿ.ಲೀ. ಕ್ಯೂಸುವನ್ನು ನಾನು ಯಾರಿಗೂ ಕೊಡಲಿಲ್ಲ. ಹುರಿದ ಎಲೆಯ ಹೊಜಿಚಾಕ್ಕೆ ಮಾದರಿ ಅಳತೆ ಐವರಿಗೆ 15 ಗ್ರಾಂ, 650 ಮಿ.ಲೀ. ಕುದಿನೀರು, ಅರ್ಧ ನಿಮಿಷ. ಇಬ್ಬರಿಗೆಂದು ಲೆಕ್ಕ ಹಾಕಿದರೆ ನೀರು 260 ಮಿ.ಲೀ. ಬರುತ್ತದೆ, ಅದಕ್ಕೆ ಬೇಕಾದ ಪಾತ್ರೆ 360ರಿಂದ 390. ರಾತ್ರಿ ಊಟವಾದ ಮೇಲೆ ಈಗ ಅದರಲ್ಲಿ ಹೊಜಿಚಾ ಆಗುತ್ತದೆ, ಒಂದು ದಿನವೂ ಕೆಟ್ಟಿಲ್ಲ.